ಎಂಟು ಜನ, ಆರುನೂರ ಮೂವತ್ತು ಕಿಲೋ

ಲಿಫ್ಟಿನೊಳಗೆ ಒಂದು ತಗಡು ಇರುತ್ತದೆ, ಯಾರೂ ಓದುವುದಿಲ್ಲ.
ನಾನು ಓದುತ್ತೇನೆ. ಅದು ನನ್ನ ಅನ್ನ.
ಎಂಟು ಜನ, ಆರುನೂರ ಮೂವತ್ತು ಕಿಲೋ.
ಒಂಬತ್ತನೆಯವನು ಕಾಲಿಟ್ಟರೆ ಪೀಂ ಅನ್ನುತ್ತದೆ,
ಬಾಗಿಲು ಮುಚ್ಚಿಕೊಳ್ಳುವುದಿಲ್ಲ,
ಎಲ್ಲರೂ ಕೊನೆಗೆ ಬಂದವನ ಮುಖ ನೋಡುತ್ತಾರೆ.

ಗ್ರಾಫಿಕ್ಸ್ ಕಾರ್ಡು ಹಾಗೆ ಕೂಗುವುದಿಲ್ಲ.
ತುಂಬಿದ ಮೇಲೂ ಹತ್ತಿಸಿಕೊಳ್ಳುತ್ತದೆ,
ತಿಣುಕುತ್ತದೆ,
ತಿರುವಿನಲ್ಲಿ ಅರೆಕ್ಷಣ ನಿಂತುಬಿಡುತ್ತದೆ
ಬಾಯಿಗೆ ಬಂದ ಮಾತು ಮರೆತವನ ಹಾಗೆ.

ಬರ್ ದುಬೈ. ಕಂಪ್ಯೂಟರ್ ಅಂಗಡಿಗಳ ಬೀದಿ. ಆಗಸ್ಟ್.
ಶಾರ್ಜಾದ ಬಸ್ಸಿಳಿದರೆ ಕನ್ನಡಕವೆಲ್ಲ ಮಂಜು.
ಒರೆಸಿಕೊಂಡು ನೋಡಿದೆ, ಗಾಜಿನ ಹಿಂದೆ ಮೂರು ಡಬ್ಬಿ:
ಎಂಟು, ಹನ್ನೆರಡು, ಹದಿನಾರು.
ಕಾಸರಗೋಡಿನ ಸಿಯಾದ್, ಅವನ ಕನ್ನಡ ನನ್ನದಕ್ಕಿಂತ ನೇರ,
"ಹದಿನಾರು ತಗೊಳ್ಳಿ, ಮುಂದಕ್ಕೆ ಆಗುತ್ತದೆ" ಅಂದ.
ಮುಂದಕ್ಕೆ ಎಂದರೆ?
ಇನ್ನೂ ಯಾರೂ ಕಟ್ಟಿರದ ಆಟಗಳಿಗೆ.

ನನ್ನ ವೀಸಾ ಮಾರ್ಚಿಗೆ ಮುಗಿಯುತ್ತದೆ.
ಮಾಡಿಸೋಣ ಬಿಡು ಅನ್ನುತ್ತಾನೆ ಫೋರ್‌ಮನ್,
ಚಹಾ ಕಲಕುತ್ತಾ, ಕಣ್ಣೆತ್ತದೆ.
ಹನ್ನೆರಡಕ್ಕೂ ಹದಿನಾರಕ್ಕೂ ನಡುವೆ ನಾನೂರು ದಿರ್ಹಂ,
ನನ್ನ ಮಂಚದ ಇಪ್ಪತ್ತು ದಿನದ ಬಾಡಿಗೆ.

ಮಂಚ, ಹೌದು. ಕೋಣೆಯಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ರೋಲಾದ ನಮ್ಮ ಕೋಣೆ ನೋಡಿದ್ದರೆ
ಗಾದೆಯನ್ನು ಇಂಚಿನಲ್ಲಿ ಹೇಳುತ್ತಿದ್ದರು.
ಆರು ಜನ, ಮೂರು ಜೋಡಿಮಂಚ,
ಚಪ್ಪಲಿ ಸ್ಟ್ಯಾಂಡಿನ ಮೇಲೆ ನನ್ನ ಕಂಪ್ಯೂಟರ್,
ಅದರ ಮೇಲೆ ಯಾರದೋ ಒಗೆದ ಟವೆಲ್ಲು.

ಮೆಮೊರಿ ಅನ್ನುತ್ತೀರಲ್ಲ, ಇದಕ್ಕೆ ಏನು ನೆನಪಿರುತ್ತದೆ? ಕೇಳಿದೆ.
ಏನೂ ಇಲ್ಲ, ಕರೆಂಟು ತೆಗೆದರೆ ತೊಳೆದಿಟ್ಟ ಪಾತ್ರೆ.
ಅಡುಗೆಮನೆಯ ಕಟ್ಟೆ ಅಂದುಕೊಳ್ಳಿ ಅಂದ ಸಿಯಾದ್.
ದೊಡ್ಡದಿದ್ದರೆ ಈರುಳ್ಳಿ, ಮೀನು, ತೆಂಗಿನತುರಿ ಎಲ್ಲ ಕೈಯಳತೆಯಲ್ಲಿ.
ಚಿಕ್ಕದಾದರೆ ಒಂದೊಂದಕ್ಕೂ ಉಗ್ರಾಣಕ್ಕೆ ಓಡಬೇಕು,
ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ.

ಕಟ್ಟೆ ನನಗೆ ಗೊತ್ತು.
ಎರಡಡಿ ಕಲ್ಲಿಗೆ ರಾತ್ರಿ ಹತ್ತರ ತನಕ ಸರದಿ ಕಾಯುತ್ತೇವೆ.

ನಾನು ಆಡುವುದು ಒಂದೇ ಆಟ, ಹಿಮದಲ್ಲಿ ಲಾರಿ.
ಕೊಲ್ಲುವವರಿಲ್ಲ, ಗೆಲ್ಲುವವರೂ ಇಲ್ಲ.
ದಿಮ್ಮಿ ಹೇರಿಕೊಂಡು ಘಾಟಿ ಹತ್ತಿ ಇಳಿಯುವುದು.
ನಾಲ್ಕು ಜಿಬಿಯ ಹಳೇ ಕಾರ್ಡಿನಲ್ಲಿ
ದೂರದ ಬೆಟ್ಟ ಕಲಸಿಟ್ಟ ಹಿಟ್ಟು,
ಪೈನ್ ಮರಗಳು ನಾನು ದಾಟಿ ಹೋದ ಮೇಲೆ ಚಿಗುರುತ್ತಿದ್ದವು.
ಆದರೂ ಹನ್ನೊಂದಾದರೆ ಐವರೂ ಬಂದು ಕೂರುತ್ತಿದ್ದರು,
ಪೇಂಟರ್ ಗುರುಲಿಂಗ ಕಂಬಳಿ ಹೊದ್ದು, ಚಳಿ ಅಂತ.
ಕೆಳಮಂಚದ ಫೆಲಿಕ್ಸ್ ಮಾಮ ಪ್ರತಿ ಸಲ ಕೇಳುತ್ತಿದ್ದ,
"ಆಚೆ ಕಾಣುವುದು ಮನೆಯೋ, ಬಂಡೆಯೋ?"
ಗೊತ್ತಿಲ್ಲ ಮಾಮ. ಅಲ್ಲಿಗೆ ರಸ್ತೆ ಇಲ್ಲ.

ಸಿಯಾದ್ ಕ್ಯಾಲ್ಕುಲೇಟರ್ ನನ್ನ ಕಡೆಗೆ ತಿರುಗಿಸಿದ.
ನನ್ನ ಪರದೆಗೆ ಎಂಟೇ ಸಾಕು, ಅದು ನನಗೂ ಗೊತ್ತು.
ಆದರೆ ನಮ್ಮ ಕಸುಬಿನಲ್ಲಿ ಒಂದು ಲೆಕ್ಕವಿದೆ:
ಬರೆದ ಭಾರದ ಹನ್ನೆರಡು ಪಟ್ಟು ತಾಳಬೇಕು ಹಗ್ಗ.
ಉಳಿದ ಹನ್ನೊಂದು ಪಟ್ಟನ್ನು ಯಾರೂ ಏರುವುದಿಲ್ಲ, ಯಾರೂ ಕಾಣುವುದಿಲ್ಲ,
ಅದಕ್ಕೇ ನಲವತ್ತನೆಯ ಮಹಡಿಗೆ ಹೋಗುವಾಗ
ಜನ ಫೋನು ನೋಡುತ್ತಾ ನಿಂತಿರುತ್ತಾರೆ.
"ಹನ್ನೆರಡು ಕೊಡು" ಅಂದೆ.

ಬಿಲ್ಲಿನಲ್ಲಿ ಮೂರು ವರ್ಷ ವಾರಂಟಿ.
ನನಗಿಂತ ಎರಡು ವರ್ಷ ಐದು ತಿಂಗಳು ಜಾಸ್ತಿ.

ಆ ರಾತ್ರಿ ಘಾಟಿಯ ಮೂರನೆಯ ತಿರುವಿನಲ್ಲಿ ಲಾರಿ ನಿಲ್ಲಿಸಿದೆ.
ಮನೆಯೇ.
ಕಿಟಕಿಗೆ ಚೌಕುಳಿ ಬಟ್ಟೆ, ಹೊಗೆಗೂಡಿನಲ್ಲಿ ಬಿಟ್ಟುಹೋದ ಇಟ್ಟಿಗೆ,
ಮೆಟ್ಟಿಲ ಮೇಲೆ ಹಿಮ ಕುಡಿದ ಬೂಟುಗಳು.
ಫೆಲಿಕ್ಸ್ ಮಾಮ ಪರದೆಗೆ ಮೂಗು ತಾಗಿಸಿ ಎಣಿಸಿದ.
"ಒಂದೇ ಜೊತೆ" ಅಂದ.
"ಅಷ್ಟು ದೊಡ್ಡ ಮನೆಗೆ."