ಫೀಡರ್ ನಂಬರ್ ಏಳು

ಪರದೆಯ ಮೇಲೆ ಐವತ್ತು ಅಂತಿದ್ದರೆ ದೇಶ ಆರೋಗ್ಯ.
ನಲವತ್ತೊಂಬತ್ತು ಮುಕ್ಕಾಲಿಗೆ ಇಳಿದರೆ ನನ್ನ ಹೊಟ್ಟೆಯಲ್ಲೊಂದು ನಡುಕ.
ಶಿವಮೊಗ್ಗದ ಹೊರಗೆ, ಜಂಬಿಟ್ಟಿಗೆ ದಿಬ್ಬ ಕಡಿದು ಕಟ್ಟಿದ ಸ್ಟೇಷನ್ನು,
ಸಂಜೆ ಪಾಳಿ ನನ್ನದು, ಜೊತೆಗೆ ಜಬೀವುಲ್ಲಾ, ಅವನ ಫ್ಲಾಸ್ಕು.
ಟ್ರಾನ್ಸ್‌ಫಾರ್ಮರು ಗುಂಯ್ ಅನ್ನುತ್ತಿರುತ್ತದೆ. ಹೊಸಬರಿಗೆ ಅದು ಸದ್ದು;
ನಮಗೆ, ಬದಲಾದಾಗ ಮಾತ್ರ ಕೇಳಿಸುತ್ತದೆ.

ಇಲ್ಲಿಂದ ಕಾಣುವುದು ತಂತಿ, ಕಂಬ, ಒಂದು ಹಲಸಿನ ಮರ.
ಕಾಣದ್ದು: ರಾಯಚೂರಿನ ಬಾಯ್ಲರಿಗೆ ಬೀಳುವ ಕಲ್ಲಿದ್ದಲು,
ಅದನ್ನು ಅಗೆದವನ ಕೆಮ್ಮು,
ಲಿಂಗನಮಕ್ಕಿಯ ಗೋಡೆಯ ಮೇಲೆ ನೀರು ಇಳಿದ ಗೆರೆ.
ಎಲ್ಲ ಬಂದು ಸೇರುವುದು ಒಂದೇ ತಂತಿಗೆ.
ಯಾವುದು ಹೊಳೆ, ಯಾವುದು ಹೊಗೆ
ಬಲ್ಬಿಗೆ ಗೊತ್ತಾಗುವುದಿಲ್ಲ.

ಕಳೆದ ಬುಧವಾರ ಅಹವಾಲು ಸಭೆ.
ರಜೆ ಇತ್ತು, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.
ಕಂಪನಿಯವರು ಹೇಳಿದರು: ಹಗಲು ಬಿಸಿಲಿನ ಬಲದಿಂದ
ನೀರನ್ನು ಗುಡ್ಡ ಹತ್ತಿಸುತ್ತೇವೆ, ರಾತ್ರಿ ಇಳಿಸುತ್ತೇವೆ,
ಹೊಗೆಯೇ ಇಲ್ಲ. ಒಂದಿಷ್ಟು ಕಾಡು ಹೋಗುತ್ತದೆ, ಅಷ್ಟೇ.
ಆ 'ಅಷ್ಟೇ'ಗೆ ಕುರ್ಚಿಗಳೆಲ್ಲ ಒಟ್ಟಿಗೆ ಕಿರ್ರೆಂದವು.
ಕಾಲೇಜು ಮೇಷ್ಟ್ರು ವೃಷಭೇಂದ್ರ ಎದ್ದರು:
ತಲೆಮಾರುಗಟ್ಟಲೆ ಕಲ್ಲಿದ್ದಲಿನಲ್ಲಿ ಮೈ ಕಾಯಿಸಿಕೊಂಡವರು
ಈಗ ನಮ್ಮ ಒಲೆಗೆ ನೀರು ಹೊಯ್ಯಲು ಬಂದಿದ್ದಾರೆ!
ಚಪ್ಪಾಳೆ.
ಹಿಂದೆಯೇ ಜೇನು ಸಂಘದ ಹುಡುಗಿ, ತೇಜಾವತಿ:
ಯಾರ ಮನೆಯಲ್ಲಿ ಉರಿದರೂ ಮಾಡು ಒಂದೇ, ಸರ್.
ಅದಕ್ಕೂ ಚಪ್ಪಾಳೆ. ಅದೇ ಜನ, ಅದೇ ಕೈ.
ನಾನೂ ಎರಡು ಸಲ ತಟ್ಟಿದೆ.

ಕೊನೆಗೆ ಗದ್ದಲ: ನಿಯಮ ಬೇಕೋ, ಬೇಡವೋ.
ನನಗೆ ನಗು. ನಿಯಮ ಆಗಲೇ ಇದೆಯಲ್ಲ,
ನನ್ನ ಮೇಜಿನ ಗಾಜಿನಡಿ, ಚಹಾದ ಕಲೆ ಬಿದ್ದ ಹಾಳೆ:
'ಬೇಡಿಕೆ ಮಿತಿ ಮೀರಿದಾಗ ತೆಗೆಯಬೇಕಾದ ಫೀಡರುಗಳು, ಕ್ರಮವಾಗಿ.'
ಮೊದಲು ಏಳು. ಆಮೇಲೆ ಹನ್ನೊಂದು. ಆಮೇಲೆ ಮೂರು.
ಆಸ್ಪತ್ರೆ ಆ ಹಾಳೆಯಲ್ಲಿಲ್ಲ, ಸರಿಯೇ.
ಐಸ್‌ಕ್ರೀಮಿನ ಗೋದಾಮೂ ಇಲ್ಲ. ಯಾಕೆಂದು ಯಾರೂ ಹೇಳಿಲ್ಲ,
ನಾನೂ ಕೇಳಿಲ್ಲ, ಒಂಬತ್ತು ವರ್ಷ.

ಏಳು ಅಂದರೆ ಮುಳುಗಡೆಯವರ ಊರು.
ಅಜ್ಜಿ ಹುಚ್ಚಮ್ಮ ಲಾರಿಯಿಂದ ಇಳಿದದ್ದು ಅಲ್ಲಿ,
ಒರಳು, ಬೀಜದ ಭತ್ತ, ಕಾಲು ಕಟ್ಟಿದ ಎರಡು ಕೋಳಿಯೊಂದಿಗೆ.
ಅವಳ ಗದ್ದೆಯ ಮೇಲೆ ನಿಂತ ನೀರು ನಾಡಿಗೆಲ್ಲ ದೀಪ ಹಚ್ಚಿತು;
ಅವಳು ಚಿಮಣಿ ಎಣ್ಣೆಗೆ ಸಾಲು ನಿಂತಳು, ಇಪ್ಪತ್ತಾರು ವರ್ಷ.
ಕಂಬ ಬಂದ ದಿನ ಸ್ವಿಚ್ಚು ಒತ್ತಲು ಹೆದರಿ
ಬೆರಳಿಗೆ ಸೆರಗು ಸುತ್ತಿಕೊಂಡಿದ್ದಳಂತೆ.

ಇವತ್ತು ಏಳು ಹದಿನೆಂಟು. ಜನವರಿಗೆ ಚಳಿ ಮರೆತುಹೋಗಿದೆ,
ಊರ ತುಂಬ ಫ್ಯಾನು. ನಲವತ್ತೊಂಬತ್ತು ಪಾಯಿಂಟ್ ಆರು.
ಫೋನು. ಬೆಂಗಳೂರಿನ ದನಿ, ದಣಿದದ್ದು:
ನಾಲ್ಕು ಮೆಗಾವ್ಯಾಟ್ ಇಳಿಸಿ ಮೇಡಂ, ಈಗಲೇ.
ಜಬೀವುಲ್ಲಾ ನನ್ನ ಮುಖ ನೋಡಿದ.
ಅಕ್ಕನ ಹಿಟ್ಟಿನ ಗಿರಣಿ ಇರುವುದು ಏಳರಲ್ಲೇ, ಅವನಿಗೆ ಗೊತ್ತು.
ಹನ್ನೊಂದನ್ನು ತೆಗೆಯಬಹುದಿತ್ತು.
ಅಲ್ಲೂ ಯಾರದೋ ಅಕ್ಕ.

ಅಂಗಳದಲ್ಲಿ ಬ್ರೇಕರು ಫಟ್ಟೆಂದಿತು.
ಅಂಕಿ ಮೆಲ್ಲಗೆ ಮೇಲೇರಿತು. ದೇಶ ಮತ್ತೆ ಆರೋಗ್ಯ.

ಮೊಬೈಲು. 'ಹೋಯ್ತಲ್ಲೇ ಮಾರಾಯ್ತಿ,
ಅರ್ಧ ಅಕ್ಕಿ ಕಲ್ಲಿನ ಬಾಯಲ್ಲೇ ನಿಂತಿದೆ. ಎಷ್ಟು ಹೊತ್ತು?'
ಗೊತ್ತಿಲ್ಲ, ಅಂದೆ.
'ನಿನಗೇ ಗೊತ್ತಿಲ್ಲದಿದ್ದರೆ ಯಾರನ್ನ ಕೇಳೋದು?'

ಲಾಗ್ ಪುಸ್ತಕದಲ್ಲಿ ಬರೆದೆ: ೭.೨೧, ಫೀಡರ್ ಏಳು, ಬಂದ್.
ಕಾರಣದ ಅಂಕಣ ಅರ್ಧ ಇಂಚು, ಹಿಡಿಸುವುದು ಒಂದೇ ಪದ.
ಹಿಂದಿನ ಪುಟದಲ್ಲೂ ಅದೇ, ಅದರ ಹಿಂದೆಯೂ: ಬೇಡಿಕೆ.

ಜಬೀವುಲ್ಲಾ ಚಹಾ ಬಗ್ಗಿಸಿದ.
ಟ್ರಾನ್ಸ್‌ಫಾರ್ಮರಿನ ಗುಂಯ್ ತುಸು ಸಣ್ಣದಾಗಿತ್ತು,
ಒಂದು ಗಿರಣಿಯಷ್ಟು.