ಕತ್ತೆ ಕಾಯುವವನ ಮೂಗಿಗೂ

ಮೊದಲು ಎದ್ದದ್ದು ಕತ್ತೆ, ಆಮೇಲೆ ನಾನು.
ಚಾಡ್ ಸರೋವರದ ಅಂಚಿನ ಮರಳುದಿಬ್ಬ ಇಳಿದು
ಹೆಂಗಸರ ಸಾಲು ಸವುಳು ಕೊಳದ ಕಡೆಗೆ,
ತಲೆಯ ಮೇಲೆ ಬೋಗುಣಿ, ಬೋಗುಣಿಯಲ್ಲಿ ಇನ್ನೂ ಕತ್ತಲೆ.

ಅಣ್ಣ ಕಚಲ್ಲಾ ದಡದಲ್ಲೇ ನಿಲ್ಲಬೇಕು.
ಗಂಡಸರ ಕಾಲು ಸೋಕಿದರೆ ಕೊಳ ಮುನಿಯುತ್ತದಂತೆ.
"ನಿಜವಾ ಅಜ್ಜಿ?"
ಕೆಲ್ಲೂ ಅಜ್ಜಿ ನಕ್ಕಳು: "ನಾನೇನು ಕೊಳವಾ?
ಒಂದು ದಿನವಾದರೂ ಅವನೇ ಕತ್ತೆ ಕಾಯಲಿ, ಬಿಡು."

ಆ ನೀರು ನಾಲಿಗೆಗೆ ಸೋಪು.
ಮೀನಿಲ್ಲ, ಕಪ್ಪೆಯಿಲ್ಲ.
ಆದರೂ ಗಾಳಿ ನೂಕಿದ ಮೂಲೆಯಲ್ಲಿ
ಯಾರೋ ಗಂಜಿ ಕಾಸಿ ಮರೆತು ಹೋದ ಹಾಗೆ
ಕಡುಹಸಿರು ಕೆನೆ.

ಅದನ್ನು ಮೆಲ್ಲಗೆ ಬಾಚಬೇಕು, ತಳ ಕದಡದೆ.
ನನ್ನ ಮೊದಲ ಬೋಗುಣಿ ಅರ್ಧ ಕೆಸರು.
ಯಾರೂ ಬೈಯಲಿಲ್ಲ. ಯಾರೋ ಕೆಮ್ಮಿದರು.

ಮರಳಲ್ಲಿ ತಟ್ಟೆಯಗಲದ ಗುಳಿ; ಸುರಿದರೆ
ಮರಳು ನೀರನ್ನು ಕುಡಿದು ಹಸಿರನ್ನು ನಮಗೆ ಬಿಡುತ್ತದೆ.
ಅಂಗೈಯಲ್ಲಿ ಸವರಿ, ಚಾಕುವಿನಿಂದ ಗೆರೆ ಕೊಯ್ದು,
ಚಾಪೆಯ ಮೇಲೆ ಒಣಗಿಸಿದರೆ ದಿಹೆ:
ಸಂತೆಗೆ ಮೂರು ಚೀಲ, ಮನೆಗೊಂದು ಬುಟ್ಟಿ.

ಶಾಲೆಯಲ್ಲಿ ಅಶ್ತಾ ಟೀಚರ್ ಅದೇ ಕೊಳದ ಒಂದು ಹನಿಯನ್ನು
ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕಕ್ಕೆ ನನ್ನ ಕಣ್ಣು ಒತ್ತಿಸಿದರು.
ಅಯ್ಯೋ, ಸುರುಳಿ! ಬರೀ ಸುರುಳಿ!
ಆಗ ತಾನೆ ಬಿಚ್ಚಿದ ಜಡೆಯ ಕೂದಲು.
"ಇದು ಗಿಡವಲ್ಲ ಯಾಗಾನಾ," ಅಂದರು,
"ಬೇರಿಲ್ಲ, ಎಲೆಯಿಲ್ಲ, ಬೀಜವಿಲ್ಲ.
ಸಯನೋಬ್ಯಾಕ್ಟೀರಿಯಾ. ನೀಲಿಹಸಿರು ಮಂದಿ.
ಮರಕ್ಕಿಂತ, ಮೀನಿಗಿಂತ, ಮೂಳೆಗಿಂತ ಹಳಬರು."

ಆಗಿನ ಗಾಳಿಯಲ್ಲಿ ಉಸಿರಾಡಲು ಏನೂ ಇರಲಿಲ್ಲ,
ಉಸಿರಾಡಲು ಮೂಗೂ ಇರಲಿಲ್ಲ.
ಸಮುದ್ರದ ತುಂಬ ಕರಗಿದ ಕಬ್ಬಿಣ.
ಈ ಮಂದಿ ಬಿಸಿಲಿನ ಒಲೆ ಹೂಡಿ,
ನೀರು ಒಡೆದು, ಗಾಳಿ ಬೆರೆಸಿ, ತಮ್ಮ ಊಟ ಮಾಡಿಕೊಂಡು
ಬೇಡವಾದದ್ದನ್ನು ಹೊರಗೆಸೆದರು:
ಒಂದು ಗುಳ್ಳೆ.
ಇನ್ನೊಂದು.
ಆ ಎಸೆದದ್ದರ ಹೆಸರೇ ಆಮ್ಲಜನಕ.

ಮೊದಲು ಕಬ್ಬಿಣ ತುಕ್ಕು ಹಿಡಿದು
ಕೆಂಪು ಕೆಂಪಾಗಿ ತಳಕ್ಕೆ ಇಳಿಯಿತು.
ತುಕ್ಕು ಹಿಡಿಯಲು ಹೆಚ್ಚೇನೂ ಉಳಿಯದಾಗ
ಗುಳ್ಳೆಗಳು ಆಕಾಶದ ದಾರಿ ಹಿಡಿದವು.
ಕೋಟಿ ಕೋಟಿ ವರ್ಷ. ಯಾರಿಗೂ ಅವಸರವಿರಲಿಲ್ಲ.
ಹಳೆಯ ಎಷ್ಟೋ ಜೀವಿಗಳಿಗೆ ಅದೇ ವಿಷವಾಯಿತಂತೆ.
(ಇದನ್ನು ಟೀಚರ್ ದನಿ ತಗ್ಗಿಸಿ ಹೇಳಿದರು.)

ವಿಷದ ಮಾತು ಅಜ್ಜಿಗೂ ಗೊತ್ತು.
ದಿಬ್ಬದಾಚೆಯ ಹೊಂಡದ ಹಸಿರು ಬೇರೆ ಜಾತಿ;
ಅದನ್ನು ಕುಡಿದ ನಮ್ಮ ಕೆಂದ ಹಸು ಸಂಜೆ ಏಳಲಿಲ್ಲ.
ಅಲ್ಲಿಗೆ ಅಜ್ಜಿ ಬೋಗುಣಿ ಒಯ್ಯುವುದಿಲ್ಲ.

ರಾತ್ರಿ ಸಜ್ಜೆಯ ಮುದ್ದೆ, ಒಣಮೀನು, ದಿಹೆಯ ಸಾರು.
"ಅಜ್ಜಿ, ಸಜ್ಜೆಯ ಎಲೆಯಲ್ಲೂ ಇದೇ ಮಂದಿ ಇದ್ದಾರಂತೆ.
ಯಾವ ಕಾಲದಲ್ಲೋ ಒಂದು ಜೀವಕೋಶ ಇಂಥ ಒಬ್ಬನನ್ನು ನುಂಗಿತಂತೆ,
ಅರಗಿಸಲಿಲ್ಲವಂತೆ, ಒಳಗೇ ಬಾಡಿಗೆಗೆ ಇಟ್ಟುಕೊಂಡಿತಂತೆ.
ಎಲೆ ಎಲೆಯ ಹಸಿರೂ ಆ ಬಾಡಿಗೆಯವನ ಮರಿಮಕ್ಕಳಂತೆ."

ಅಜ್ಜಿ ಎತ್ತಿದ ತುತ್ತನ್ನು ಹಾಗೇ ಹಿಡಿದಳು,
ಮುದ್ದೆ ನೋಡಿದಳು, ಸಾರು ನೋಡಿದಳು.
"ಹಾಗಾದರೆ ಇವೆರಡೂ ನೆಂಟರು," ಅಂದಳು.
"ಮಾತು ಸಾಕು. ಆರುವ ಮುಂಚೆ ಉಣ್ಣು."

ನಾಳೆಯೂ ಕಚಲ್ಲಾ ದಡದಲ್ಲೇ.
ಅವನ ಕಾಲು ಕೊಳಕ್ಕೆ ಸೋಕುವಂತಿಲ್ಲ.
ಆದರೆ ಕೊಳ, ಯಾರ ಅಪ್ಪಣೆಯನ್ನೂ ಕೇಳದೆ,
ಅವನ ಮೂಗಿನೊಳಗೆ ಹೋಗಿ
ಬರುತ್ತದೆ. ಕತ್ತೆಯ ಮೂಗಿನೊಳಗೂ.