ಎರಡು ಬಾಗಿಲ ಚೀಲ

ಗ್ವಾಡಿಗೆ ಒಂದು ಸೌತಿಬೀಜ ಅಂಟಿತ್ತು.
ನಿನ್ನೆ ಗೂಟದ ಕೆಳಗ,
ಇವತ್ತು ಗೂಟದ ಬಗಲಾಗ.
ಬೀಜ ನಡೀತಾವೇನು?

ಬೀದರಿನ ಚೌಬಾರದ ಹಿಂದಿನ ಓಣಿ,
ಜಲೀಲ್‌ಮಿಯಾರ ಕಾರಖಾನಿ. ನನ್ನ ಕೆಲಸ
ಗುಡಿಸೋದು, ಗುಡಿಸಿದ್ದನ್ನ ಜರಡಿ ಹಿಡಿಯೋದು.
ಹೂಜಿ ಮ್ಯಾಲ ತಂತಿ ಕೂತು, ಅರ ಉಜ್ಜಿ
ನೆಲಕ್ಕುದುರಿದ ಬೆಳ್ಳಿಪುಡಿಗೆ ಸಂಜೀಕ ತೂಕ ಅದ,
ಗುಲಗಂಜಿ ಲೆಕ್ಕ.
ಉಳಿದ ಧೂಳಿನ ಲೆಕ್ಕ ಯಾರೂ ಬರಿಯಂಗಿಲ್ಲ.

ಅತೀಕನ ಭೂತಗನ್ನಡಿ ಕೇಳಿ ತಂದೆ.
ಬೀಜ ಅಲ್ಲ, ಚೀಲ.
ಮರಳು, ಸುಣ್ಣದ ಹಕ್ಕಳಿ, ಇರವಿ ಕಾಲು,
ಒಂದು ನರೆಗೂದಲು (ನಂದೇ ಇರಬೇಕು),
ಎಲ್ಲಾ ಒಳಗಿನಿಂದ ರೇಶಿಮಿ ಹಾಕಿ ಹೊಲಿದದ್ದು.
ನಡುವ ಉಬ್ಬು, ತುದಿ ಚೂಪು,
ತುದಿಗೊಂದೊಂದು ಬಾಗಿಲು.
ಕಂದುತಲಿ ಹುಳ ಅತ್ತಲಿಂದ ಇಣುಕ್ತು.
ಮುಟ್ಟಿದೆ, ಒಳಗ ಹೋಯ್ತು.
ಎಷ್ಟೋ ಹೊತ್ತಿನ ಮ್ಯಾಲ ಇತ್ತಲಿಂದ ಇಣುಕ್ತು,
ಬಾಡಿಗಿ ಕೇಳಾಕ ಬಂದವರು ಹೋದರೇನು
ಅಂತ ನೋಡಿದಂಗ.

"ನುಸಿ ಅದು, ಹೊಸಕಿ ಒಗಿ" ಅಂದ್ರು ಮಿಯಾ.
ಈದಿನ ಶೇರ್ವಾನಿಗಿ ತೂತು ಬಿದ್ದ ಸಿಟ್ಟು.
ಶೇರ್ವಾನಿ ತಿಂದದ್ದು ಬ್ಯಾರೆ ಯಾವುದೋ.
ಇದು ಮೂಲ್ಯಾಗ ಜ್ಯಾಡ ಬಿಟ್ಟುಹೋದ ಹಳೇ ಬಲಿ ತಿಂತದ.
ಹನ್ನೆರಡು ದಿನ ಕೂತು ನೋಡೀನಿ, ನನಗ ಗೊತ್ತು.

ಪೀಯುಸಿ ಓದೋ ಭಾಗೀರಥಿ ಪುಸ್ತಕ ತೆಗೆದು
"ಅಕ್ಕಾ, ಇದು ಪತಂಗದ ಮರಿ" ಅಂದಳು.
ಹೆಸರು ಲ್ಯಾಟಿನ್ನಿಂದಂತ, ನನ್ನ ನಾಲಿಗಿ ಹೊರಳಲಿಲ್ಲ.
ಚೀಲದಮ್ಮ ಅಂತ ಕರದೆ. ತಿರುಗಿ ನೋಡಲಿಲ್ಲ.

ಬಿಸಿಲು ಕಿಟಕಿ ದಾಟೋ ಹೊತ್ತಿನಾಗ
ಚೀಲದ ಸೆರಗಿನಾಗ ಏನೋ ಮಿಣಕ್ ಅಂತು.
ಜರಡಿ ತಪ್ಪಿಸಿದ ಬೆಳ್ಳಿಚೂರು,
ಕಿಲ್ಲೆದ ಕರೀಮಣ್ಣಿನ ಬಗಲಾಗ.
ಸುತ್ತಿಗಿ ಇಲ್ಲ, ಉಳಿ ಇಲ್ಲ,
ಮಿಯಾರ ಕೂರಿಸಿದಂಗೇ ಕೂತದ.

ಮುಂದಿನ ವಾರ ಚೀಲದ ಬಾಯಾಗ
ತೆಳ್ಳಗಿನ ಪೊರಿ ಅರ್ಧ ಹೊರಗ ಜೋತಿತ್ತು.
ತೊಲಿ ಅಂಚಿಗೆ ಪತಂಗ.
ಜ್ವಾಳದ ಕಾಳಿಗಿಂತ ತುಸು ಉದ್ದ, ಬೂದಿಬಣ್ಣ,
ರೆಕ್ಕಿಗೆ ಕೂದಲಿನ ಝಾಲರ,
ಮೂರೋ ನಾಲ್ಕೋ ಮಸಿಚುಕ್ಕಿ.
ಇನ್ನ ಏನೂ ತಿನ್ನಂಗಿಲ್ಲಂತ.
ದೀಪದ ಕಡೆಗೂ ಹೋಗಲಿಲ್ಲ,
ಗ್ವಾಡಿ ಹಿಡಿದು ಸಣ್ಣಗ ಸರಿದು
ಕತ್ತಲಿದ್ದ ಕಡೆ ಕೂತ್ತು.
ಮೈಮ್ಯಾಲ ಗುಂಜಿಯಷ್ಟೂ ಬೆಳ್ಳಿಲ್ಲ.

ಸಂಜೀಕ ತಕ್ಕಡಿ ಎತ್ತಿದ ಮಿಯಾ
ಮುಳ್ಳು ನೋಡಿದರು, ಕನ್ನಡಕ ಒರಸಿ ಮತ್ತ ನೋಡಿದರು.
"ಕೂದಲೆಳಿಯಷ್ಟು ಕಮ್ಮಿ ಅದಲ್ಲೋ."

ನಾ ಕಸಬರಿಗಿ ಕಟ್ಟು ಬಿಗಿ ಮಾಡಿಕೋತ ಕೂತೆ,
ಗ್ವಾಡಿ ಕಡೆ ನೋಡಲಿಲ್ಲ.